ಅನಂತೇಶನ ಕಾರಿಗೆ ಯಾವ ಎಣ್ಣೆ?

ಅನಂತೇಶ ಮಾಡಿದ ತಪ್ಪು ಇಷ್ಟೇ: ಭಾನುವಾರ ಬೆಳಿಗ್ಗೆ ಕಾರಿನ ಬಾನೆಟ್ ಎತ್ತಿದ. ಅದನ್ನು ಮನೆಯ ಹಿಂದೆ ನಿಲ್ಲಿಸಿಕೊಂಡು ಎತ್ತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಪರ್ಕಳದಲ್ಲಿ ರಸ್ತೆಗೆ ಮುಖ ಮಾಡಿದ ಕಾರಿನ ಬಾನೆಟ್ ಎತ್ತುವುದೆಂದರೆ ಊಟಕ್ಕೆ ಎಲೆ ಹಾಕಿದ ಹಾಗೆ. ಯಾರನ್ನೂ ಕರೆಯಬೇಕೆಂದಿಲ್ಲ, ಜನ ತಾವಾಗಿಯೇ ಬಂದು ಸೇರುತ್ತಾರೆ.

ಕಾರು ಎರಡು ಲಕ್ಷ ಕಿಲೋಮೀಟರು ದಾಟಿ ಬಹಳ ಕಾಲವಾಗಿತ್ತು. ಕೊಂಡಾಗ ಬಿಳಿಯಾಗಿದ್ದದ್ದು ಈಗ ಹಾಲು ಜಾಸ್ತಿಯಾದ ಚಹಾದ ಬಣ್ಣಕ್ಕೆ ಬಂದಿತ್ತು. ಆದರೂ ಅನಂತೇಶನಿಗೆ ಅದರ ಮೇಲೆ ಪ್ರೀತಿ. ಅದಕ್ಕೆ ಕಾರಣವೂ ಇತ್ತು. ಮಣಿಪಾಲದ ಒಂದು ಕಾಲೇಜಿನಲ್ಲಿ ಅವನು ಲೈಬ್ರೆರಿಯನ್. ಅಲ್ಲಿ ಏನಿದ್ದರೂ ಪ್ರಿನ್ಸಿಪಾಲರು ಹೇಳಿದಂತೆ. ಮನೆಯಲ್ಲಿ ಹೆಂಡತಿ ಸುಭಾಷಿಣಿ ಹೇಳಿದಂತೆ. ಪರ್ಕಳದಿಂದ ಮಣಿಪಾಲಕ್ಕೆ ಹೋಗುವ ಆ ಸ್ವಲ್ಪ ಹೊತ್ತು ಮಾತ್ರ ಯಾವ ಗೇರು ಹಾಕಬೇಕು, ಯಾವಾಗ ಹಾರ್ನ್ ಹೊಡೆಯಬೇಕು ಎನ್ನುವುದನ್ನು ಅವನೇ ತೀರ್ಮಾನಿಸುತ್ತಿದ್ದ. ಆ ಸುಖ ಸಾಲದೆಂದು ಕೆಲವು ಸಂಜೆ ಏನೂ ಕೆಲಸವಿಲ್ಲದಿದ್ದರೂ ಒಂದು ಸುತ್ತು ಹೆಚ್ಚು ಹೊಡೆದು ಬರುತ್ತಿದ್ದ.

ಸುಭಾಷಿಣಿಗೆ ಕಾರನ್ನು ಕಂಡರಾಗದು. ಕಳೆದ ತಿಂಗಳು ಅವಳ ತವರಿನವರನ್ನು ತುಂಬಿಕೊಂಡು ಕಾಪು ಸಮುದ್ರತೀರಕ್ಕೆ ಹೋಗಿದ್ದಾಗ ಅದು ದೀಪಸ್ತಂಭದ ಹತ್ತಿರ ನಿಂತದ್ದು ನಿಂತೇ ಬಿಟ್ಟಿತ್ತು. ಅವಳ ತಾಯಿಯನ್ನು ರಿಕ್ಷಾದಲ್ಲಿ ಕಳಿಸಬೇಕಾಯಿತು. ಇಂದು ಅದೇ ತಾಯಿಗೆ ಎಪ್ಪತ್ತೈದು ತುಂಬಿದ ಊಟ, ಕಾರ್ಕಳದಲ್ಲಿ, ಅವಳ ಅಣ್ಣ ವಿದ್ಯಾಧೀಶನ ಮನೆಯಲ್ಲಿ.

"ನೋಡಿ, ಇವತ್ತು ಕಾರ್ಕಳ ಮುಟ್ಟುವುದರೊಳಗೆ ಇದು ಒಂದು ಸಲ ನಿಂತರೂ ನಾಳೆ ಗುಜರಿಗೆ" ಎಂದು ಅವಳು ಎದ್ದ ಕೂಡಲೇ ಹೇಳಿದ್ದಳು. "ನಿಲ್ಲದೆ ಹೋದರೆ ನಾನು ಇನ್ನು ಗುಜರಿಯ ಮಾತೇ ಎತ್ತುವುದಿಲ್ಲ. ಆಯ್ತಲ್ಲ?"

"ಆಯಿತು" ಎಂದಿದ್ದ ಅನಂತೇಶ. ಹಾಗೆ ಹೇಳಿದವನು ಹೆದರಿ, ಇಂಜಿನ್ನಿನ ಎಣ್ಣೆ ನೋಡಲು ಬಾನೆಟ್ ಎತ್ತಿದ್ದ. ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು ಎಳೆದರೆ ತುದಿಯಲ್ಲಿ ಮಾತ್ರ ಒಂದಿಷ್ಟು ಕಪ್ಪು ಅಂಟಿಕೊಂಡಿತ್ತು.

ಮೊದಲು ಬಂದದ್ದು ಎದುರು ಮನೆಯ ಧರ್ಮಪಾಲ, ಹಲ್ಲುಜ್ಜುವ ಬ್ರಶ್ಶಿನ ಸಮೇತ. ಉಡುಪಿ ಕಾರ್ಕಳ ಎಕ್ಸ್‌ಪ್ರೆಸ್ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಈಗಲೂ ನಡೆಯುವಾಗ ರಸ್ತೆ ತಿರುಗಿದರೆ ಮೈಯನ್ನು ಒಂದು ಕಡೆಗೆ ವಾಲಿಸುತ್ತಾನೆ.

"ಎಂತ ಮಾರಾಯರೇ, ಆಯಿಲ್ ಇಲ್ವಾ?"

"ಉಂಟು ಧರ್ಮಪಾಲಣ್ಣ. ಕಮ್ಮಿ ಉಂಟು. ಯಾವುದು ಹಾಕುವುದು ಅಂತ ಯೋಚನೆ."

"ಯೋಚನೆ ಎಂತದು ಅದರಲ್ಲಿ? ಹಳೆ ಇಂಜಿನಿಗೆ ದಪ್ಪ ಆಯಿಲ್. ಟ್ವೆಂಟಿ ಫಿಫ್ಟಿ ನಂಬರಿನದ್ದು. ಒಳಗೆ ಎಲ್ಲ ಸವೆದು ಗ್ಯಾಪ್ ಬಿದ್ದಿರ್ತದೆ. ನೀರಿನ ಹಾಗಿರುವುದನ್ನು ಹಾಕಿದ್ರೆ ಎಲ್ಲಿ ನಿಲ್ತದೆ ಅದು? ಹೊಗೆಯಾಗಿ ಹಿಂದಿನಿಂದ ಹೋಗ್ತದೆ."

"ತಪ್ಪು" ಎಂದಿತು ಪಕ್ಕದ ಕಂಪೌಂಡಿನಿಂದ ಒಂದು ಧ್ವನಿ. ಹೂವಿನ ಗಿಡಗಳಿಗೆ ನೀರು ಬಿಡುತ್ತಿದ್ದ ಶಾರ್ಲೆಟ್ ಟೀಚರ್ ಪೈಪನ್ನು ಅಲ್ಲೇ ಬಿಟ್ಟು ಗೋಡೆಯ ಹತ್ತಿರ ಬಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ಎದುರಿಗೆ ಇಬ್ಬರು ನಿಂತಿದ್ದರೆ ಅದು ಅವರಿಗೆ ತರಗತಿಯೇ. "ಇಂಜಿನ್ ಸವೆಯುವುದು ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ. ನಿಮ್ಮ ದಪ್ಪ ಆಯಿಲ್ ಮೇಲೆ ಹತ್ತುವಷ್ಟರಲ್ಲಿ ಕಬ್ಬಿಣ ಕಬ್ಬಿಣ ಉಜ್ಜಿ ಆಗಿರುತ್ತದೆ. ತೆಳುವಾದ ಸಿಂಥೆಟಿಕ್ ಹಾಕಬೇಕು. ಫೈವ್ ಥರ್ಟಿ. ಅನಂತೇಶ, ಕಂಪೆನಿಯ ಪುಸ್ತಕದಲ್ಲಿ ಎಂತ ಉಂಟು?"

"ಪುಸ್ತಕ ಗೆದ್ದಲು ತಿಂದಿದೆ ಟೀಚರ್."

"ನೀವು ಲೈಬ್ರೆರಿಯನ್ ಅಲ್ವಾ?"

ಅನಂತೇಶ ಕಡ್ಡಿಯನ್ನು ಬಟ್ಟೆಯಿಂದ ಒರೆಸಿದ. ಒರೆಸಲು ಅದರಲ್ಲಿ ಏನೂ ಉಳಿದಿರಲಿಲ್ಲ.

"ಸಿಂಥೆಟಿಕ್ ಹಾಕಿದ್ರೆ ಒಳಗಿನ ಕೊಳೆಯೆಲ್ಲ ತೊಳೆದು ಹೋಗ್ತದೆ ಟೀಚರ್" ಎಂದ ಧರ್ಮಪಾಲ. "ಆ ಕೊಳೆಯೇ ರಬ್ಬರ್ ಸೀಲನ್ನು ಹಿಡ್ಕೊಂಡಿರುವುದು. ಅದು ಹೋದ್ರೆ ಎಲ್ಲ ಕಡೆ ಲೀಕು."

"ಕೊಳೆಯ ಬಲದಲ್ಲಿ ಗಾಡಿ ಓಡುವುದಾ? ನೀವು ಬಸ್ಸು ಓಡಿಸಿದ್ದು ಹಾಗೆಯಾ?"

ಅಷ್ಟರಲ್ಲಿ ಮೀನಿನ ಪ್ಲಾಸ್ಟಿಕ್ ತೊಟ್ಟೆ ನೇತುಹಾಕಿಕೊಂಡ ಒಂದು ಸ್ಕೂಟರು ಬಂದು ನಿಂತಿತು. ಅದು ಹಸೈನಾರರದು. ಕುವೈತಿನಲ್ಲಿ ಶೇಖ್ ಒಬ್ಬರ ಕಾರುಗಳನ್ನು ಓಡಿಸಿಕೊಂಡಿದ್ದು, ಈಗ ಊರಿಗೆ ಬಂದು ಬೀದಿಯ ತುದಿಯಲ್ಲಿ ಅಂಗಡಿ ಹಾಕಿದ್ದಾರೆ. ಇಬ್ಬರ ವಾದವನ್ನೂ ಅವರು ನ್ಯಾಯಾಧೀಶರ ತಾಳ್ಮೆಯಿಂದ ಕೇಳಿದರು.

"ಇಬ್ಬರು ಹೇಳುವುದೂ ಸರಿ ಇಲ್ಲ" ಎಂದರು. "ತುಂಬಾ ಓಡಿದ ಗಾಡಿಗೆ ಅಂತಲೇ ಬೇರೆ ಆಯಿಲ್ ಉಂಟು. ಹೈ ಮೈಲೇಜ್. ಅದರೊಳಗೆ ಮದ್ದು ಹಾಕಿರ್ತಾರೆ. ಒಣಗಿದ ಸೀಲು ಉಬ್ಬುತ್ತದೆ, ಲೀಕು ತನ್ನಿಂದ ತಾನೇ ನಿಲ್ತದೆ. ನನ್ನ ಕಪಾಟಿನಲ್ಲಿ ಒಂದು ಡಬ್ಬ ಉಂಟು, ಕುವೈತಿನಿಂದಲೇ ತಂದದ್ದು. ಈಗ ತರ್ತೇನೆ."

"ಅಯ್ಯೋ, ನಿಮಗೆ ಯಾಕೆ ತೊಂದರೆ ಹಸೈನಾರಾಕ" ಎಂದ ಅನಂತೇಶ. ಅದು ಬೇಡವೆನ್ನುವ ಅವನ ಅತ್ಯಂತ ಕಠೋರ ಭಾಷೆ.

ಹಸೈನಾರರು ಡಬ್ಬ ತಂದರು. ಅತ್ತರಿನ ಬಾಟಲಿಗಳ ಜೊತೆ ಇಟ್ಟದ್ದರಿಂದ ಅದು ಮದುವೆಮನೆಯಂತೆ ಘಮಘಮಿಸುತ್ತಿತ್ತು. ಅದನ್ನು ನೋಡಿ ಧರ್ಮಪಾಲ ಸುಮ್ಮನಿರಲಾರದೆ, ಹಳೆಯ ಧಣಿಯ ಬಸ್ ಶೆಡ್ಡಿನಿಂದ ಬಂದ ಒಂದು ಡಬ್ಬವನ್ನು ಪೇಪರಿನಲ್ಲಿ ಸುತ್ತಿ ತಂದ. ಟೀಚರು ತಮ್ಮ ಕಾರಿಗೆಂದು ತೆಗೆದಿಟ್ಟದ್ದನ್ನೇ ಗೋಡೆಯ ಮೇಲಿನಿಂದ ದಾಟಿಸಿದರು.

ಈ ಬೀದಿಯಲ್ಲಿ ಒಂದು ಕ್ರಮ ಉಂಟು. ಒಂದು ಮನೆಯಲ್ಲಿ ಹಲಸು ಕೊಯ್ದರೆ, ಪಾಯಸ ಮಾಡಿದರೆ, ನೆಂಟರು ಹಲ್ವ ತಂದರೆ ಅಕ್ಕಪಕ್ಕದ ಮನೆಗಳಿಗೂ ಹೋಗಬೇಕು. ಕೊಟ್ಟದ್ದನ್ನು ಬೇಡ ಎನ್ನುವಂತಿಲ್ಲ. ಸಂಜೆಯೊಳಗೆ ತಿಂದು, ಚೆನ್ನಾಗಿತ್ತು ಎಂದು ಹೇಳಿ ಕಳಿಸಬೇಕು. ಹೇಳದಿದ್ದರೆ ಕೊಟ್ಟವರು ಹೇಗಿತ್ತು ಎಂದು ಕೇಳಿಕೊಂಡು ಬರುತ್ತಾರೆ. ಹಲಸಿನ ಹಣ್ಣಿಗೆ ಇದು ಒಳ್ಳೆಯ ಪದ್ಧತಿ. ಇಂಜಿನ್ ಎಣ್ಣೆಗೂ ಇದನ್ನೇ ಹಚ್ಚಿಕೊಂಡರೆ ಏನಾಗುತ್ತದೆಂದು ಅಲ್ಲಿಯವರೆಗೆ ಯಾರೂ ಯೋಚಿಸಿರಲಿಲ್ಲ.

ಒಂದು ಇಂಜಿನ್, ಮೂರು ಡಬ್ಬ. ಒಂದನ್ನು ಹಾಕಿದರೆ ಇಬ್ಬರಿಗೆ ಬೇಜಾರು. ಮೂರನ್ನೂ ಬೆರೆಸಿದರೆ ಇಂಜಿನ್ನಿಗೆ ಬೇಜಾರು. ಅನಂತೇಶ ಡಬ್ಬಗಳನ್ನು ಡಿಕ್ಕಿಯಲ್ಲಿ ಹಾಕಿಕೊಂಡು, "ಮೆಕ್ಯಾನಿಕ್ ಹತ್ತಿರ ಹೋಗಿ ಬರ್ತೇನೆ" ಎಂದು ಬನ್ನಂಜೆಯ ಕಡೆ ಓಡಿದ.

ಬನ್ನಂಜೆಯ ನಿಝಾಮನ ಗ್ಯಾರೇಜು ಭಾನುವಾರವೂ ಮಧ್ಯಾಹ್ನದವರೆಗೆ ತೆರೆದಿರುತ್ತದೆ. ನಿಝಾಮ್ ಯಾವುದೋ ಜೀಪಿನ ಅಡಿಯಲ್ಲಿದ್ದ. ಅನಂತೇಶ ಅವನ ಕಾಲುಗಳಿಗೆ ತನ್ನ ಕಷ್ಟವನ್ನೆಲ್ಲ ವಿವರಿಸಿದ. ಕಾಲುಗಳು ಸಮಾಧಾನವಾಗಿ ಕೇಳಿಸಿಕೊಂಡವು. ನಂತರ ಉಳಿದ ನಿಝಾಮನೂ ಹೊರಗೆ ಬಂದ.

"ಈಗ ಒಳಗಿರುವ ಆಯಿಲ್ ಯಾವುದು ಸರ್?"

"ಕಳೆದ ಸಲ ನೀನೇ ಅಲ್ವಾ ಹಾಕಿದ್ದು?"

"ಹಾಗಾದ್ರೆ ಯಾವುದೋ ಗೊತ್ತಿಲ್ಲ" ಎಂದ ನಿಝಾಮ್ ಪ್ರಾಮಾಣಿಕವಾಗಿ. "ಸರ್, ಹಳೆ ಗಾಡಿಯ ಹಳೆ ಆಯಿಲ್ ತೆಗೆಯಲಿಕ್ಕೆ ಹೋಗಬೇಡಿ. ಅದಕ್ಕೆ ಅದೇ ಅಭ್ಯಾಸ ಆಗಿರ್ತದೆ. ಕಮ್ಮಿ ಆದಷ್ಟು ಮೇಲಿನಿಂದ ಹೊಯ್ಯುವ." ಮೂಲೆಯಲ್ಲಿದ್ದ, ಹೆಸರೆಲ್ಲ ಅಳಿಸಿಹೋದ ಡ್ರಮ್ಮಿನಿಂದ ಒಂದಿಷ್ಟನ್ನು ಮಗ್ಗಿಗೆ ಬಗ್ಗಿಸಿಕೊಂಡ.

"ಅದು ಎಂತ ಆಯಿಲ್ ನಿಝಾಮ್? ದಪ್ಪದ್ದಾ, ತೆಳುವಿನದ್ದಾ?"

ನಿಝಾಮ್ ಮಗ್ಗಿನೊಳಗೆ ಇಣುಕಿ ನೋಡಿದ. "ಆಯಿಲ್ ಸರ್" ಎಂದ.

ಅನಂತೇಶ ಬೇಡ ಎನ್ನಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಮಗ್ಗು ಖಾಲಿಯಾಗಿತ್ತು. ಒಂದು ಲೆಕ್ಕದಲ್ಲಿ ಅವನಿಗೆ ನಿರಾಳವೂ ಆಯಿತು, ಏಕೆಂದರೆ ತೀರ್ಮಾನ ಅವನದ್ದಾಗಿರಲಿಲ್ಲ.

ಮನೆಗೆ ಬಂದರೆ ಮೂವರೂ ಮೂರು ಗೇಟಿನಲ್ಲಿ ಕಾಯುತ್ತಿದ್ದರು. ನಿಜ ಹೇಳಿದ್ದರೆ ಬೈಗುಳದಲ್ಲಿ ಮುಗಿಯುತ್ತಿತ್ತು. ಆದರೆ ಹಲಸಿನ ಹಣ್ಣಿನ ಅಭ್ಯಾಸ ನಾಲಿಗೆಯ ಮೇಲಿತ್ತು. "ನಿಮ್ಮದೇ ಹಾಕಿಸಿದೆ ಧರ್ಮಪಾಲಣ್ಣ. ಭಾರೀ ಒಳ್ಳೆದುಂಟು. ಆದರೆ ಟೀಚರಿಗೆ ಹೇಳಬೇಡಿ, ಬೇಜಾರು ಮಾಡ್ತಾರೆ" ಎಂದ. ಟೀಚರಿಗೂ ಹಾಗೆಯೇ ಹೇಳಿದ, ಹಸೈನಾರರಿಗೂ ಹಾಗೆಯೇ ಹೇಳಿದ. ಬೇಜಾರು ಮಾಡುವವರ ಹೆಸರು ಮಾತ್ರ ಆಯಾ ಗೇಟಿಗೆ ತಕ್ಕಂತೆ ಬದಲಾಯಿತು. ಮೂವರೂ ಬಹಳ ಸಂತೋಷದಿಂದ ಗುಟ್ಟು ಕಾಯುವುದಾಗಿ ಒಪ್ಪಿಕೊಂಡರು. ಉಳಿದಿಬ್ಬರ ಮೇಲೆ ಅವರಿಗೆ ಕನಿಕರವೇ ಬಂದಿತ್ತು.

ಅನಂತೇಶ ಒಳಗೆ ಹೋಗಿ ಅಂಗಿ ಬದಲಾಯಿಸಿ ಬರುವಷ್ಟರಲ್ಲಿ ಹಿಂದಿನ ಸೀಟು ತುಂಬಿತ್ತು. ಟೀಚರಿಗೆ ಅತ್ತೂರಿನ ಇಗರ್ಜಿಗೆ ಪ್ರಾರ್ಥನೆಗೆಂದು ಹೋಗದೆ ತುಂಬಾ ದಿನವಾಗಿತ್ತಂತೆ. ಹಸೈನಾರರ ಮಗಳು ರಿಝಾನಾಳನ್ನು ಕೊಟ್ಟದ್ದು ಕಾರ್ಕಳಕ್ಕೆ, ಅವಳನ್ನು ನೋಡಬೇಕಂತೆ. ಧರ್ಮಪಾಲ ಮಾತ್ರ ಕಾರಣ ಹೇಳುವ ಗೋಜಿಗೆ ಹೋಗಲಿಲ್ಲ. "ಸುಮ್ಮನೆ ಬರುವುದು ಮಾರಾಯರೇ, ಇಂಜಿನ್ ಶಬ್ದ ಕೇಳಲಿಕ್ಕೆ" ಎಂದ. ಡಿಕ್ಕಿಯಲ್ಲಿದ್ದ ಡಬ್ಬಗಳನ್ನು ತೆಗೆದಿಡಲು ಈಗ ದಾರಿಯೇ ಇರಲಿಲ್ಲ.

ಕಾರು ಹೊರಟಿತು. ಮತ್ತು ಆಶ್ಚರ್ಯ, ಕಾರು ಓಡಿತು. ಇಷ್ಟು ವರ್ಷದಲ್ಲಿ ಹೀಗೆ ಓಡಿದ್ದೇ ಇಲ್ಲ ಎನ್ನುವ ಹಾಗೆ ಓಡಿತು.

"ಶಬ್ದ ಕೇಳಿ, ಎಷ್ಟು ಗಟ್ಟಿ!" ಎಂದ ಧರ್ಮಪಾಲ.

"ಗಟ್ಟಿ ಅಲ್ಲ, ಹಗುರ" ಎಂದರು ಟೀಚರು.

"ಹಿಂದೆ ನೋಡಿ, ಹೊಗೆಯೇ ಇಲ್ಲ" ಎಂದರು ಹಸೈನಾರರು.

ಎದುರಿನ ಕನ್ನಡಿಯಲ್ಲಿ ಮೂವರೂ ಒಬ್ಬರ ನಂತರ ಒಬ್ಬರು ಅನಂತೇಶನಿಗೆ ಕಣ್ಣು ಹೊಡೆದರು. ಟೀಚರು ಕೂಡ. ಪಕ್ಕದಲ್ಲಿದ್ದ ಸುಭಾಷಿಣಿ ಇದನ್ನೆಲ್ಲ ನೋಡಿ ನಸುನಕ್ಕಳು. ಅವಳು ನಕ್ಕಾಗಲೇ ಅನಂತೇಶನಿಗೆ ಹೆಚ್ಚು ಹೆದರಿಕೆ.

ಆತ್ರಾಡಿಯ ತಿರುವಿನಲ್ಲಿ ಡಿಕ್ಕಿಯೊಳಗೆ ಏನೋ ಗಡಗಡ ಉರುಳಿತು.

"ಅದೆಂತ ಶಬ್ದ?" ಧರ್ಮಪಾಲನ ಕಿವಿ ನೆಟ್ಟಗಾಯಿತು.

"ತೆಂಗಿನಕಾಯಿ."

"ತೆಂಗಿನಕಾಯಿ ನನ್ನ ಕಾಲಬುಡದಲ್ಲಿ ಉಂಟಲ್ಲ?" ಎಂದಳು ಸುಭಾಷಿಣಿ.

"ಅದು ಬೇರೆ" ಎಂದು ಅನಂತೇಶ ಹಾರ್ನ್ ಹೊಡೆದ. ಎದುರಿಗೆ ಯಾರೂ ಇರಲಿಲ್ಲ.

ಹಿರಿಯಡಕದಲ್ಲಿ ಸುಭಾಷಿಣಿ ಕಾರು ನಿಲ್ಲಿಸಲು ಹೇಳಿದಳು. ತಾಯಿಗೆ ಕದಳಿ ಬಾಳೆಹಣ್ಣೆಂದರೆ ಪ್ರಾಣ, ಒಂದು ಇಡೀ ಗೊನೆ ಕೊಂಡಳು. "ಡಿಕ್ಕಿ ತೆಗೀರಿ."

"ಡಿಕ್ಕಿಯ ಲಾಕ್ ಹಿಡ್ಕೊಂಡಿದೆ."

"ಬೆಳಿಗ್ಗೆ ತೆಗೆದಿರಲ್ಲ!"

"ಆಮೇಲೆ ಹಿಡ್ಕೊಂಡದ್ದು."

"ನನಗೆ ಬಿಡಿ" ಎಂದು ಧರ್ಮಪಾಲ ಇಳಿದೇಬಿಟ್ಟ. ಬಸ್ಸಿನ ಬಾಗಿಲಿಗೆ ಕೊಟ್ಟು ಅಭ್ಯಾಸವಾದ ಪೆಟ್ಟುಗಳನ್ನು ಡಿಕ್ಕಿಗೆ ಕೊಡತೊಡಗಿದ. ಹಸೈನಾರರು ಜೇಬಿನಿಂದ ಬೀಗದ ಕೈಗಳ ಗೊಂಚಲು ತೆಗೆದು ಒಂದೊಂದೇ ಕೀಲಿಯನ್ನು ಹಾಕಿ ನೋಡತೊಡಗಿದರು. ಟೀಚರು ಕೆಳಗಿನಿಂದ ಮೇಲಕ್ಕೆ ಒತ್ತಡ ಕೊಡಬೇಕೆಂದು ಪಾಠ ಮಾಡಿದರು. ಬಾಳೆಹಣ್ಣಿನ ಅಂಗಡಿಯವನೂ ಒಂದು ಸಲಹೆ ಕೊಟ್ಟ. "ಅತ್ತೆ ಕಾಯ್ತಿದ್ದಾರೆ! ಊಟಕ್ಕೆ ತಡ ಆಗ್ತದೆ!" ಎಂದು ಎಂದೂ ಕೂಗದ ಅನಂತೇಶ ಕೂಗಿದ. ಎಲ್ಲರೂ ಬೆಚ್ಚಿ ಕಾರು ಹತ್ತಿದರು. ಗೊನೆ ಹಿಂದಿನ ಮೂವರ ಮಡಿಲಲ್ಲಿ ಮಗುವಿನಂತೆ ಮಲಗಿಕೊಂಡು ಬಂತು.

ಬೈಲೂರಿನ ಏರು ಬಂತು. ಇಲ್ಲಿಯೇ ನಿಲ್ಲುವುದು ಕಾರಿನ ರೂಢಿ. ಅನಂತೇಶ ಗೇರು ಇಳಿಸಿದ. ಕಾರು ತನ್ನ ಪ್ರಾಯ ಮರೆತು ಏರಿತು. ಹಿಂದಿನ ಸೀಟಿನಲ್ಲಿ ಮೂವರೂ ಒಟ್ಟಿಗೆ "ಹಾಂ!" ಎಂದರು, ತಂತಮ್ಮ ಮಕ್ಕಳಿಗೆ ರ್‍ಯಾಂಕ್ ಬಂದವರ ಹಾಗೆ.

ಜೋಡುರಸ್ತೆ ದಾಟಿ ವಿದ್ಯಾಧೀಶನ ಮನೆಯ ಅಂಗಳದಲ್ಲಿ ಕಾರು ನಿಂತಾಗ ಜಗಲಿಯಲ್ಲಿ ಕುಳಿತಿದ್ದ ಅತ್ತೆ ಎದ್ದು ನಿಂತು ನೋಡಿದರು. "ಈ ಸಲ ರಿಕ್ಷಾ ಬೇಡವಾ?" ಎಂದರು. ಅನಂತೇಶನಿಗೆ ಹಾಡಬೇಕೆನಿಸಿತು. ಗೆದ್ದಿದ್ದ. ಇನ್ನು ಗುಜರಿಯ ಮಾತಿಲ್ಲ. ಕಾರು ಅವನದ್ದು, ಪರ್ಕಳದಿಂದ ಮಣಿಪಾಲದವರೆಗಿನ ಆ ಸುಖ ಅವನದ್ದು.

ಅತ್ತೂರಿಗೆ ಹೋಗಬೇಕಾದವರನ್ನೂ ಮಗಳ ಮನೆಗೆ ಹೋಗಬೇಕಾದವರನ್ನೂ ವಿದ್ಯಾಧೀಶ ಬಿಡಲಿಲ್ಲ. "ಊಟ ಮಾಡದೆ ಹೋಗುವುದುಂಟಾ?" ಎಂದು ಎಲ್ಲರನ್ನೂ ಎಲೆಯ ಮುಂದೆ ಕೂರಿಸಿದ. ಊಟದ ನಂತರ ಜಗಲಿಯಲ್ಲಿ ಧರ್ಮಪಾಲ ವಿದ್ಯಾಧೀಶನ ಕಿವಿಯಲ್ಲಿ ಏನೋ ಹೇಳುತ್ತಿದ್ದ. ಅವನು ಎದ್ದ ಮೇಲೆ ಟೀಚರು ಹೇಳಿದರು. ಆಮೇಲೆ ಹಸೈನಾರರು. ದೂರದಿಂದ ಅನಂತೇಶನಿಗೆ ಕೇಳಿಸಿದ್ದು "ಇನ್ನು ಒಂದು ಲಕ್ಷ ಓಡ್ತದೆ, ಬರೆದು ಕೊಡ್ತೇನೆ" ಎನ್ನುವ ಮಾತು, ಮೂರು ಸಲ, ಮೂರು ಧ್ವನಿಯಲ್ಲಿ. ಅವನಿಗೆ ಹೆಮ್ಮೆಯೇ ಆಯಿತು. ವಿದ್ಯಾಧೀಶ ಕೀಲಿ ಕೇಳಿ, ಮಗಳು ಮಾನ್ಯಾಳನ್ನು ಸ್ಟೇರಿಂಗಿನ ಮುಂದೆ ಕೂರಿಸಿ, ತಾನು ಪಕ್ಕದಲ್ಲಿ ಕುಳಿತು ಒಂದು ಸುತ್ತು ಹೋಗಿ ಬಂದಾಗಲೂ ಹೆಮ್ಮೆಯೇ.

ಕಾರಿನಿಂದಿಳಿದ ಮಾನ್ಯಾ ಕುಣಿಯುತ್ತಾ ಬಂದು ಅವನ ಕಾಲಿಗೆ ಬಿದ್ದಳು. "ಥ್ಯಾಂಕ್ಸ್ ಮಾವ!"

"ಎಂತಕ್ಕೆ?"

ಉತ್ತರ ಸುಭಾಷಿಣಿಯಿಂದ ಬಂತು. "ಅವಳಿಗೆ ಅಜೆಕಾರಿನ ಶಾಲೆಯಲ್ಲಿ ಕೆಲಸ ಸಿಕ್ಕಿದೆ. ದಿನಾ ಬಸ್ಸಿಗೆ ಕಾಯುವುದು ಕಷ್ಟ. ಅಣ್ಣ ಒಂದು ಹಳೆ ಕಾರು ಹುಡುಕ್ತಾ ಇದ್ದ. ಬೆಳಿಗ್ಗೆಯವರೆಗೆ ಇದನ್ನು ಕೊಡುವ ಧೈರ್ಯ ನನಗೂ ಇರಲಿಲ್ಲ. ಇಷ್ಟು ಚಂದ ಓಡುವಾಗ ಗುಜರಿಗೆ ಯಾಕೆ? ಮಾನ್ಯಾಳಿಗೇ ಇರಲಿ ಅಂದೆ. ನಾನು ಮಾತಿಗೆ ತಪ್ಪಲಿಲ್ಲ ನೋಡಿ."

"ಒಳ್ಳೆ ಕೆಲಸ ಮಾಡಿದಿರಿ ಅಳಿಯಂದಿರೇ" ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತಾ. "ನನ್ನ ಎಪ್ಪತ್ತೈದಕ್ಕೆ ಮೊಮ್ಮಗಳಿಗೆ ಕಾರು!"

ಅತ್ತೆಯ ಎದುರು ಇಲ್ಲ ಎನ್ನುವುದು ಅನಂತೇಶನ ಕೈಯಲ್ಲಿ ಆಗುವ ಕೆಲಸವಲ್ಲ. ಆದರೆ ಕಾರು ಕೈಬಿಡುವುದೂ ಆಗದು. ಉಳಿದದ್ದು ಒಂದೇ ದಾರಿ, ಸತ್ಯ. ಅದನ್ನು ಹೇಳಿದರೆ ಪರ್ಕಳದಲ್ಲಿ ಮೂರು ಮನೆಯವರು ಮಾತು ಬಿಡುತ್ತಾರೆ. ಬಿಡಲಿ ಎಂದುಕೊಂಡ. ಜೀವನದಲ್ಲಿ ಮೊದಲ ಸಲ ಕಾರಿನ ಹೊರಗೆ ನಿಂತು ಒಂದು ತೀರ್ಮಾನ ತೆಗೆದುಕೊಂಡ.

"ಭಾವ, ಇದು ಮೋಸ ಆಗ್ತದೆ" ಎಂದ. "ಈ ಇಂಜಿನಿಗೆ ಇವರು ಹೇಳಿದ ಯಾವ ಆಯಿಲೂ ಹಾಕಲಿಲ್ಲ. ಒಳಗಿರುವುದು ಅದೇ ಹಳೆ ಕಪ್ಪು ಆಯಿಲ್, ಮೇಲಿಂದ ಗ್ಯಾರೇಜಿನ ಡ್ರಮ್ಮಿನದ್ದು ಒಂದು ಮಗ್. ಅದು ಎಂತ ಅಂತ ಮೆಕ್ಯಾನಿಕಿಗೂ ಗೊತ್ತಿಲ್ಲ. ನಾಳೆ ಎಲ್ಲಿ ನಿಲ್ತದೋ ಹೇಳಲಿಕ್ಕಾಗುವುದಿಲ್ಲ. ಬೇಕಾದರೆ ನೋಡಿ!"

ಹೋಗಿ ಡಿಕ್ಕಿ ತೆರೆದ. ಹಿಡಿದುಕೊಂಡಿದ್ದ ಲಾಕು ಒಂದೇ ಸಲಕ್ಕೆ ತೆರೆದುಕೊಂಡಿತು. ಮೂರು ಡಬ್ಬಗಳು, ಒಂದರ ಮುಚ್ಚಳವೂ ಒಡೆಯದೆ, ಎಲ್ಲರನ್ನೂ ನೋಡುತ್ತಾ ಮಲಗಿದ್ದವು. ಸುತ್ತ ಅತ್ತರಿನ ಪರಿಮಳ ಹರಡಿತು.

ಧರ್ಮಪಾಲ ತನ್ನ ಡಬ್ಬವನ್ನು ನೋಡಿದ, ಆಮೇಲೆ ಟೀಚರ ಡಬ್ಬವನ್ನು. ಟೀಚರು ಕನ್ನಡಕ ತೆಗೆದು ಅನಂತೇಶನನ್ನು ನೋಡಿದರು, ನಕಲು ಮಾಡಿ ಸಿಕ್ಕಿಬಿದ್ದ ಹುಡುಗನನ್ನು ನೋಡುವಂತೆ. ಹಸೈನಾರರು "ಕುವೈತಿನಿಂದ ಹೊತ್ತು ತಂದದ್ದು" ಎಂದಷ್ಟೇ ಹೇಳಿ ಮುಖ ತಿರುಗಿಸಿದರು. ಅನಂತೇಶನಿಗೆ ನಾಚಿಕೆಯಾಯಿತು. ಆದರೂ ಒಳಗೊಳಗೆ ಸಮಾಧಾನವಿತ್ತು, ಕಾರು ಉಳಿಯಿತು.

ವಿದ್ಯಾಧೀಶ ಡಬ್ಬಗಳನ್ನು ಒಂದೊಂದಾಗಿ ಎತ್ತಿ ತಿರುಗಿಸಿ ನೋಡಿದ. ಅವನ ಮುಖ ಅರಳತೊಡಗಿತು.

"ಅಂದರೆ ಎಂತ ಭಾವ, ಹೊಸ ಆಯಿಲ್ ಹಾಕದೆಯೇ ಇದು ಐದು ಜನರನ್ನು ಹೊತ್ತುಕೊಂಡು ಬೈಲೂರಿನ ಏರು ಹತ್ತಿತಾ?"

"ಹತ್ತಿತು, ಆದರೆ..."

"ಗೊತ್ತಿಲ್ಲದ ಡ್ರಮ್ಮಿನ ಆಯಿಲಿನಲ್ಲಿ?"

"ಹೌದು, ಅದಕ್ಕೇ ಹೇಳುವುದು..."

"ಹಾಗಾದರೆ ಇಂಜಿನ್ ಕಲ್ಲಿನ ಹಾಗೆ ಉಂಟು ಮಾರಾಯರೇ! ನನಗೆ ಅದೇ ಸಂಶಯ ಇತ್ತು. ಬರೀ ಆಯಿಲಿನ ಬಲದಲ್ಲಿ ಓಡ್ತದೋ, ಎರಡು ದಿನ ಕಳೆದ ಮೇಲೆ ಕೈ ಕೊಡ್ತದೋ ಅಂತ. ಈಗ ಧೈರ್ಯ ಬಂತು." ಮೂರು ಡಬ್ಬಗಳನ್ನೂ ಎದೆಗೆ ಅವಚಿಕೊಂಡ. "ಇದೂ ಇಲ್ಲೇ ಇರಲಿ. ಮುಂದಕ್ಕೆ ಬೇಕಾಗ್ತದಲ್ಲ. ನೋಡಿ ಅಮ್ಮ, ಎಷ್ಟು ಸತ್ಯವಂತ ನಿಮ್ಮ ಅಳಿಯ!"

ಸಂಜೆ ಉಡುಪಿಯ ಬಸ್ಸಿನಲ್ಲಿ ಸುಭಾಷಿಣಿಗೆ ಕಿಟಕಿಯ ಸೀಟು ಸಿಕ್ಕಿತು. ಅನಂತೇಶ ಕಂಬ ಹಿಡಿದು ನಿಂತ. ಹಿಂದಿನ ಸೀಟಿನಲ್ಲಿ ಧರ್ಮಪಾಲ, ಟೀಚರು, ಹಸೈನಾರರು ಸಾಲಾಗಿ ಕುಳಿತಿದ್ದರು. ಬೆಳಿಗ್ಗೆಯಿಂದ ಒಂದು ವಿಷಯದಲ್ಲೂ ಒಮ್ಮತಕ್ಕೆ ಬಾರದಿದ್ದ ಮೂವರೂ ಈಗ ಅನಂತೇಶನ ವಿಷಯದಲ್ಲಿ ಒಂದೇ ಅಭಿಪ್ರಾಯಕ್ಕೆ ಬಂದಿದ್ದರು, ಅದನ್ನು ಅವನಿಗೆ ಕೇಳಿಸುವಷ್ಟು ದೊಡ್ಡದಾಗಿಯೇ ಮಾತಾಡಿಕೊಳ್ಳುತ್ತಿದ್ದರು.

ಹಿರಿಯಡಕ ದಾಟುವಾಗ ಅನಂತೇಶನ ಫೋನು ಬಡಿದುಕೊಂಡಿತು. ವಿದ್ಯಾಧೀಶ.

"ಭಾವ, ಒಂದು ಮಾತು ಕೇಳಲಿಕ್ಕೆ ಬಿಟ್ಟುಹೋಯಿತು. ಈ ಮೂರರಲ್ಲಿ ಮೊದಲು ಯಾವುದು ಹಾಕಿಸಲಿ?"

ಬಸ್ಸಿನ ಗದ್ದಲದಲ್ಲೂ ಆ ಪ್ರಶ್ನೆ ಹಿಂದಿನ ಸೀಟಿಗೆ ಕೇಳಿಸಿತು. ಮೂವರ ಮಾತೂ ಒಮ್ಮೆಲೇ ನಿಂತಿತು. ಮೂರು ಕುತ್ತಿಗೆಗಳು ಅವನ ಕಡೆ ಉದ್ದವಾದವು. ಅನಂತೇಶ ಮೂವರನ್ನೂ ಒಮ್ಮೆ ತಿರುಗಿ ನೋಡಿದ.

"ಆಯಿತು ಭಾವ, ನೋಡುವ" ಎಂದು, ಫೋನನ್ನು ಹಿಂದಿನ ಸೀಟಿಗೆ ಕೊಟ್ಟುಬಿಟ್ಟ.